ಚೌಕ ಬಿದ್ದಲ್ಲೇ ಕೊಯ್ಲು

ದೇಶದಲ್ಲಿ ಈ ವರ್ಷ ಇಷ್ಟು ಜೋಳ ಬೆಳೆಯಿತು, ಇಷ್ಟು ತೊಗರಿ ಬಂತು ಎಂದು ಪತ್ರಿಕೆಯಲ್ಲಿ ಓದುತ್ತೀರಿ. ಆ ಅಂಕಿ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ದಿಲ್ಲಿಯಲ್ಲಿ ಯಾವುದೋ ದೊಡ್ಡ ಯಂತ್ರವಿದೆ, ಗುಂಡಿ ಒತ್ತಿದರೆ ಅದೇ ಹೇಳುತ್ತದೆ ಎಂದು ನನ್ನ ಅತ್ತೆ ಕೊನೆಯವರೆಗೂ ನಂಬಿದ್ದರು. ಆ ಅಂಕಿಗಾಗಿಯೇ ನಾನು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಡುವುದು ಎಂದರೆ ಅವರಿಗೆ ನಗು ಬರುತ್ತಿತ್ತು. "ದಿಲ್ಲಿಯವರಿಗೆ ಬೇರೆ ಯಾರೂ ಸಿಗಲಿಲ್ಲವಾ?" ಎನ್ನುತ್ತಿದ್ದರು.

ಸಾಂಖ್ಯಿಕ ಇಲಾಖೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಮದುವೆ ಮನೆಯಲ್ಲೋ ಬಸ್ ನಿಲ್ದಾಣದಲ್ಲೋ ಸಿಕ್ಕಾಗ, "ಮೇಡಂ, ಆಗ ಹ್ಯಾಂಗ ಕೆಲಸ ಮಾಡ್ತಿದ್ದಿರಿ?" ಎಂದು ಕೇಳುತ್ತಾರೆ. ನಿಂತ ನಿಲುವಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಎಂದು ಬರೆಯಲು ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವ ಹುದ್ದೆಯಲ್ಲಿ ನಿವೃತ್ತಳಾದೆ ಎಂಬುದು ಇಲ್ಲಿ ಇಲ್ಲ. ಅದರಿಂದ ನಿಮಗೆ ಉಪಯೋಗವೂ ಇಲ್ಲ. ಹೊಲದಲ್ಲಿ ಏನೇನಾಯಿತು ಎಂಬುದಷ್ಟೇ ಇದೆ.

ನಮ್ಮದು ಆಳಂದ. ಮನೆಯಲ್ಲಿ ದಖ್ಖನಿ, ಓಣಿಯಲ್ಲಿ ಕನ್ನಡ. ಅಬ್ಬಾ ಅಡತಿ ಅಂಗಡಿಯೊಂದರಲ್ಲಿ ಕಾಳು ತೂಗುವ ಕೆಲಸದಲ್ಲಿದ್ದರು. ನಾನು ಲೆಕ್ಕದ ವಿಷಯ ತೆಗೆದುಕೊಂಡು ಪದವಿ ಮುಗಿಸಿ, ಸಾಂಖ್ಯಿಕ ನಿರೀಕ್ಷಕಿಯಾಗಿ ಆದೇಶ ಬಂದಾಗ, ಕುರ್ಚಿ ಮೇಜಿನ ಕೆಲಸ ಎಂದು ಮನೆಯಲ್ಲಿ ಎಲ್ಲರೂ ಖುಷಿಪಟ್ಟರು. ಕಚೇರಿಗೆ ಹೋದ ದಿನವೇ ನನ್ನ ಕೈಗೆ ಕೊಟ್ಟದ್ದು ಒಂದು ಅಳತೆ ಟೇಪು, ಹಗ್ಗ, ಗೂಟಗಳು, ಕುಡುಗೋಲು, ತಾಡಪತ್ರಿ ಮತ್ತು ಕೊಂಡಿ ಇದ್ದ ಒಂದು ಸ್ಪ್ರಿಂಗ್ ತಕ್ಕಡಿ. ಅಬ್ಬಾ ಆ ತಕ್ಕಡಿಯನ್ನು ಎತ್ತಿ, ಕೊಂಡಿಗೆ ಬೆರಳು ಸಿಕ್ಕಿಸಿ ಎಳೆದು ನೋಡಿ, "ಠೀಕ್ ಹೈ" ಎಂದರು. ಅವರ ಬಾಯಿಂದ ಅದು ದೊಡ್ಡ ಪ್ರಮಾಣಪತ್ರ.

ಕೆಲಸ ಹೇಳಲು ಸರಳ. ಇಡೀ ತಾಲೂಕಿನ ಬೆಳೆಯನ್ನು ಕೊಯ್ದು ತೂಗಲು ಯಾರಿಂದಲೂ ಆಗದು. ಹಾಗಾಗಿ ಚೀಟಿ ಎತ್ತಿದ ಹಾಗೆ ಕೆಲವು ಊರು, ಆ ಊರಿನಲ್ಲಿ ಕೆಲವು ಹೊಲ ಆರಿಸುತ್ತಾರೆ. ಹೊಲದ ನೈಋತ್ಯ ಮೂಲೆಯಲ್ಲಿ ನಿಂತು, ಮೊದಲೇ ಕೊಟ್ಟ ಸಂಖ್ಯೆಯ ಪ್ರಕಾರ ಉದ್ದಕ್ಕೆ ಇಷ್ಟು ಹೆಜ್ಜೆ, ಅಡ್ಡಕ್ಕೆ ಇಷ್ಟು ಹೆಜ್ಜೆ ನಡೆಯಬೇಕು. ಕಾಲು ನಿಂತಲ್ಲಿ ಗೂಟ ಹೊಡೆದು, ಹಗ್ಗ ಎಳೆದು ಚೌಕ ಮಾಡಬೇಕು. ಚೌಕದೊಳಗಿನ ಬೆಳೆಯನ್ನಷ್ಟೇ ಕೊಯ್ದು, ಬಡಿದು, ತೂರಿ, ತೂಗಬೇಕು. ಇಂಥ ಸಾವಿರಾರು ಚೌಕಗಳ ತೂಕ ಸೇರಿ ಜಿಲ್ಲೆಯ ಇಳುವರಿ, ರಾಜ್ಯದ ಇಳುವರಿ, ದೇಶದ ಇಳುವರಿ. ಅಷ್ಟೇ. ಕಷ್ಟವಿರುವುದು ಒಂದೇ ಕಡೆ. ಚೌಕ ಎಲ್ಲಿ ಬೀಳುತ್ತದೋ ಅಲ್ಲೇ ಕೊಯ್ಯಬೇಕು. ಒಂದು ಗೇಣು ಆಚೆ ಈಚೆ ಮಾಡುವಂತಿಲ್ಲ.

ಮೊದಲ ಚೌಕ ಬಿದ್ದದ್ದು ಸರಸಂಬಾದಲ್ಲಿ, ಗುಂಡಪ್ಪ ಎಂಬವರ ಬಿಳಿಜೋಳದ ಹೊಲದಲ್ಲಿ. ನಾನು ಗೂಟ ಹೊಡೆಯುತ್ತಿದ್ದ ಹಾಗೆ ಗುಂಡಪ್ಪ ಓಡಿ ಬಂದು ಕೈ ಅಡ್ಡ ಮಾಡಿದರು.

"ಬಾಯಾರ, ಇಲ್ಲಿ ತೆನಿ ಸಣ್ಣವು. ಆ ಬದುವಿನ ಕಡಿ ಬರ್ರಿ, ತೆನಿ ಅಂದ್ರ ಹಿಂಗ್ ಅವ ನೋಡ್ರಿ!" ಎಂದು ಎರಡೂ ಅಂಗೈ ಅಗಲಿಸಿ ತೋರಿಸಿದರು.

"ಇಲ್ರಿ, ನಂಬರ್ ಪ್ರಕಾರ ಇಲ್ಲೇ ಬಂದದ."

"ನಂಬರಿಗೇನು ಗೊತ್ತಾಗ್ತದ್ರಿ? ಬೀಗರು ಬಂದಾಗ ನಾವು ತಂಗಳ ಬಡಸ್ತೇವೇನು? ಸರ್ಕಾರದವರು ಮೊದಲನೇ ಸಲ ಹೊಲಕ್ಕ ಬಂದೀರಿ. ಛಲೋ ಕಡಿ ಕೊಯ್ರಿ."

ಆ ಕಾಲದಲ್ಲಿ ರೈತರು ಹೀಗೇ ಇದ್ದರು. ಬೆಳೆ ಚೆನ್ನಾಗಿದೆ ಎಂದು ಬರೆಸಿಕೊಳ್ಳುವುದು ಮರ್ಯಾದೆಯ ಮಾತಾಗಿತ್ತು. ಬಹಳ ವರ್ಷಗಳ ಮೇಲೆ ಬೆಳೆ ವಿಮೆ ಬಂತು. ಆಗ ಇದೇ ಕೈಗಳು ಹೊಲದ ಕೆಟ್ಟ ತುದಿಯ ಕಡೆ ತೋರಿಸಲು ಶುರುವಾದವು. ಅದಕ್ಕೆ ಆಮೇಲೆ ಬರುತ್ತೇನೆ.

ಗುಂಡಪ್ಪನವರನ್ನು ಒಪ್ಪಿಸಿ ಕೊಯ್ದದ್ದಾಯಿತು. ತಾಡಪತ್ರಿಯ ಮೇಲೆ ತೆನೆ ಬಡಿದು ಕಾಳು ಮಾಡಿದ್ದಾಯಿತು. ನಾನು ಬಾವಿಗೆ ಕೈಕಾಲು ತೊಳೆಯಲು ಹೋಗಿ ಬರುವಷ್ಟರಲ್ಲಿ ಗುಂಡಪ್ಪನವರ ತಾಯಿ ಭಾಗಮ್ಮ ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದರು.

"ಬಾ ಬೇ ಇಲ್ಲಿ. ಹೊಸ ಫಸಲಿನ ಹೊತ್ತಿಗೆ ಹೊಲಕ್ಕ ಬಂದೀದಿ. ಹಂಗ ಕಳಸಬಾರದು. ಸೆರಗು ಒಡ್ಡು."

ಉಡಿ ತುಂಬುತ್ತಾರೆ ಎಂದು ತಿಳಿದು ನಾನು ಹಿಂಜರಿದೆ. "ಅವ್ವಾ, ನಾ ಸಾಬರ ಪೈಕಿ."

"ಆದ್ರ ಏನಾತು? ನಿನಗ ಉಡಿ ಇಲ್ಲೇನು?"

ಸೆರಗು ಒಡ್ಡಿದೆ. ಭಾಗಮ್ಮ ಬೊಗಸೆ ಬೊಗಸೆ ಜೋಳ ಸುರಿದರು. ಗಂಟು ಹಾಕಿಕೊಂಡ ಮೇಲೆ ನನ್ನ ಕಣ್ಣು ತಾಡಪತ್ರಿಯ ಮೇಲೆ ಹೋಯಿತು. ರಾಶಿ ಕರಗಿತ್ತು.

"ಅವ್ವಾ, ಈ ಕಾಳು ಎಲ್ಲಿಂದ ತಗೊಂಡ್ರಿ?"

"ಎಲ್ಲಿಂದ ಅಂದ್ರ? ಇಲ್ಲಿಂದೇ. ನೀನೇ ಕೊಯ್ದದ್ದಲ್ಲ!"

ನನ್ನ ಉಡಿಯಲ್ಲಿದ್ದದ್ದು ಇನ್ನೂ ತೂಗದ ಜೋಳ! ವಾಪಸ್ ಸುರಿಯುತ್ತೇನೆ ಎಂದರೆ ಭಾಗಮ್ಮ ಹೌಹಾರಿದರು. ತುಂಬಿದ ಉಡಿಯನ್ನು ಅದೇ ಹೊಲದಲ್ಲಿ ಬಿಚ್ಚುವುದುಂಟೇ? ಬೇರೆ ಕಡೆಯ ಕಾಳು ತಂದು ಸೇರಿಸುತ್ತೇನೆ ಎಂದು ಗುಂಡಪ್ಪ ಹೇಳಿದರೆ ನಾನು ಹೌಹಾರಿದೆ. ಅಂತೂ ಕೊನೆಗೆ ದಾರಿ ತೋರಿಸಿದವರು ಭಾಗಮ್ಮನೇ. "ಉಡಿ ಬಿಚ್ಚೂದು ಬ್ಯಾಡ. ಗಂಟನ್ನೇ ಕೊಂಡಿಗೆ ಹಾಕ್ರಿ."

ಹಾಗೆಯೇ ಮಾಡಿದೆವು. ಬೇವಿನ ಕೊಂಬೆಗೆ ತಕ್ಕಡಿ ನೇತುಹಾಕಿ, ಅದರ ಕೊಂಡಿಗೆ ಸೆರಗಿನ ಗಂಟು ಸಿಕ್ಕಿಸಿದರು. ಸೆರಗಿನ ಇನ್ನೊಂದು ತುದಿಯಲ್ಲಿ ನಾನು, ಉಸಿರು ಬಿಗಿಹಿಡಿದು, ಸೀರೆ ಜಗ್ಗದ ಹಾಗೆ ತುದಿಗಾಲ ಮೇಲೆ ನಿಂತಿದ್ದೆ. "ಅಲುಗಾಡಬ್ಯಾಡ್ರಿ ಬಾಯಾರ, ಮುಳ್ಳು ನಿಂದರವಲ್ದು!" ಎಂದು ಗುಂಡಪ್ಪ ಕೂಗುತ್ತಿದ್ದರು. ಆಮೇಲೆ ಭಾಗಮ್ಮ ಮನೆಯಿಂದ ಅಂಥದೇ ಒಂದು ಸೀರೆ ತರಿಸಿದರು; ಅದರ ಖಾಲಿ ಸೆರಗನ್ನೂ ಹಾಗೇ ಗಂಟು ಕಟ್ಟಿ ತೂಗಿ, ಬಟ್ಟೆಯ ತೂಕ ಕಳೆದು, ಉಳಿದದ್ದನ್ನು ತಾಡಪತ್ರಿಯ ರಾಶಿಯ ತೂಕಕ್ಕೆ ಕೂಡಿಸಿದೆವು. ಸುತ್ತಲಿನ ಹೊಲದವರೆಲ್ಲ ಕೆಲಸ ಬಿಟ್ಟು ಬಂದು ನಿಂತಿದ್ದರು. ಸರಸಂಬಾದಲ್ಲಿ ಅಂದಿನಿಂದ ನನ್ನ ಹೆಸರು 'ತೂಕದ ಬಾಯಿ', ಅಂದರೆ ತೂಗುವ ಮೇಡಂ.

ಕತೆ ಅಲ್ಲಿಗೆ ಮುಗಿಯಲಿಲ್ಲ. ಹಸಿ ಕಾಳಿನ ತೂಕ ಬೇರೆ, ಒಣಗಿದ ಕಾಳಿನ ತೂಕ ಬೇರೆ. ಅದಕ್ಕೆ ಚೌಕದ ಜೋಳದಲ್ಲಿ ಸ್ವಲ್ಪವನ್ನು ಬಟ್ಟೆಯ ಚೀಲದಲ್ಲಿ ಮನೆಗೆ ತಂದು, ಒಣಗಿಸಿ, ಮತ್ತೆ ತೂಗಬೇಕು. ಆಗ ನನಗೆ ಮದುವೆಯಾಗಿತ್ತು; ಆ ಚೀಲವನ್ನು ಅತ್ತೆಯ ಮನೆಯ ಮಾಳಿಗೆಯ ಮೇಲೆ ಇಟ್ಟೆ. ಉಡಿಯ ಜೋಳವನ್ನು ಅಡುಗೆ ಮನೆಯಲ್ಲಿಟ್ಟು, ರೊಟ್ಟಿಗೆ ಆಗುತ್ತದೆ ಎಂದು ಅತ್ತೆಗೆ ಹೇಳಿದೆ. ಮೂರ್ನಾಲ್ಕು ದಿನ ಕಳೆದು ಮಾಳಿಗೆ ಹತ್ತಿದರೆ ಚೀಲ ಖಾಲಿ.

"ಅಮ್ಮೀಜಾನ್, ಮಾಳಿಗಿ ಮ್ಯಾಲಿನ ಜೋಳ?"

"ವೋ ಜ್ವಾರಿ? ಪೀಸ್‌ ಕೋ ರೊಟ್ಯಾಂ ಕರ್ ಡಾಲೀ," ಎಂದರು ಅತ್ತೆ. ಬೀಸಿ ರೊಟ್ಟಿ ಮಾಡಿದ್ದರು. ಉಡಿಯ ಜೋಳ ಮಾತ್ರ ಡಬ್ಬಿಯಲ್ಲಿ ಭದ್ರವಾಗಿತ್ತು. ಯಾರೋ ಹಿರಿಯಳು ಹರಸಿ ಕೊಟ್ಟ ಬರ್ಕತ್ತಿನ ಕಾಳು, ಅದನ್ನು ಬೀಸಬಾರದು ಎಂದು ಅವರು ಎತ್ತಿಟ್ಟಿದ್ದರು. ಸರ್ಕಾರದ ಜೋಳಕ್ಕೆ ಅಂಥ ಅಡ್ಡಿ ಏನೂ ಇರಲಿಲ್ಲ!

ಆಗ ನಮ್ಮ ಮೇಲಧಿಕಾರಿ ದೇಸಾಯಿಯವರು. ಧಾರವಾಡದ ಕಡೆಯವರು, ಮಾತು ಕಡಿಮೆ. ಅವರ ಎದುರು ನಿಂತು ಜೋಳ ರೊಟ್ಟಿಯಾದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ರೊಟ್ಟಿ ಹ್ಯಾಂಗಿದ್ದವು?"

"ಛಲೋ ಇದ್ದವು ಸರ್."

"ಒಣ ತೂಕ ಅಂತ ಅದಲ್ಲ, ಆ ಜಾಗಾದಾಗ ಏನು ಬರೀತೀರಿ?"

"ಪಕ್ಕದ ಊರಿಂದು ನೋಡಿ ಅಂದಾಜು..."

"ಅಂದಾಜು ಬ್ಯಾಡ. ತೂಗಿಲ್ಲ ಅಂತ ಬರೀರಿ. ತೂಗಲಾರದ ಬರದದ್ದು ಸುಳ್ಳಾಗ್ತದ. ತೂಗಿಲ್ಲ ಅಂತ ಬರದದ್ದು ಖರೇ ಮಾತು."

ಇದೇ ದೇಸಾಯಿಯವರು ಮಳೆ ಮಾಪಕದ ವಿಷಯದಲ್ಲೂ ಹಾಗೇ. ಮಳೆ ಬಾರದ ದಿನ ಸೊನ್ನೆ ಬರೆಯಬೇಕು. ಅಳೆಯಲು ಹೋಗದ ದಿನ ಖಾಲಿ ಬಿಡಬೇಕು. "ಮಳಿ ಬಂದಿಲ್ಲ ಬ್ಯಾರೆ, ನನಗ ಗೊತ್ತಿಲ್ಲ ಬ್ಯಾರೆ. ಇವೆರಡನ್ನೂ ಕೂಡಿಸಿದ್ರ ನಮ್ಮ ಇಲಾಖೆ ಮುಚ್ಚಬೇಕಾಗ್ತದ," ಎನ್ನುತ್ತಿದ್ದರು. ಮಕ್ಕಳೇ, ನೀವು ಈಗ ಫೋನಿನಲ್ಲಿ ತುಂಬುತ್ತೀರಿ. ಖಾಲಿ ಬಿಟ್ಟರೆ ಮುಂದಿನ ಪುಟಕ್ಕೆ ಹೋಗಲು ಬಿಡುವುದಿಲ್ಲ ಎಂದು ಅಲ್ಲೊಂದು ಸೊನ್ನೆ ಒತ್ತಿಬಿಡುವ ಆಸೆ ಬರುತ್ತದೆ. ಒತ್ತಬೇಡಿ. ಮೇಲಿನವರಿಗೆ ಫೋನ್ ಮಾಡಿ ಕಿರಿಕಿರಿ ಮಾಡಿ.

ಆಳಂದದಿಂದ ನನ್ನನ್ನು ಅಫಜಲಪುರಕ್ಕೆ ಹಾಕಿದರು. ಅಲ್ಲಿ ಭೀಮಾ ನದಿಯ ದಂಡೆಯ ಮಣ್ಣೂರ ನನ್ನ ಪಾಲಿಗೆ ಬಂತು. ಊರಿನ ಪಹಣಿಯಲ್ಲಿ ನದಿ ಬದಿಯ ಹೊಲಗಳೆಲ್ಲ ಜೋಳ ಎಂದಿತ್ತು. ಹೋಗಿ ನೋಡಿದರೆ ಕಣ್ಣು ಹಾಯುವವರೆಗೂ ಕಬ್ಬು. ರೈತರು ನದಿಗೆ ಪಂಪು ಇಟ್ಟು ನೀರು ಹರಿಸಿ ಎಷ್ಟೋ ವರ್ಷ ಆಗಿತ್ತು. ಬೆಳೆ ಬದಲಾದರೂ ದಾಖಲೆ ಬದಲಾಗಿರಲಿಲ್ಲ. ಪ್ರತಿ ವರ್ಷ ಹಿಂದಿನ ವರ್ಷದ್ದನ್ನೇ ನೋಡಿ ಬರೆಯುತ್ತ ಬಂದಿದ್ದರು. ಹೊಲಕ್ಕೆ ಹೋಗುವವರಿಗೆ ಊರುಗಳು ಹೆಚ್ಚಾಗಿದ್ದವು, ಕಾಲು ಎರಡೇ ಇದ್ದವು. ಯಾರನ್ನೂ ದೂರುವುದಿಲ್ಲ.

ನಾನು ಹಣಮಂತರಾಯ ಎಂಬ ರೈತರನ್ನು ಜೊತೆ ಮಾಡಿಕೊಂಡು ಹೊಲದಿಂದ ಹೊಲಕ್ಕೆ ನಡೆದು, ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದೆ. ಆಗಿನ ಮೇಲಧಿಕಾರಿ ವೆಂಕಟೇಶಮೂರ್ತಿಯವರು ಮೈಸೂರು ಕಡೆಯವರು, ಹೊಸದಾಗಿ ಬಂದಿದ್ದರು. ಒಳ್ಳೆಯವರೇ, ಆದರೆ ಅಂಕಿ ಏಕಾಏಕಿ ಜಿಗಿದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ.

"ಏನ್ರೀ ಶಮೀಮ್, ಹೋದ ವರ್ಷ ಮಣ್ಣೂರಲ್ಲಿ ಕಬ್ಬೇ ಇರ್ಲಿಲ್ಲ. ಈ ವರ್ಷ ಊರು ತುಂಬಾ ಕಬ್ಬು ಅಂತ ಬರ್ದಿದೀರಲ್ಲ? ರಾತ್ರೋರಾತ್ರಿ ಬೆಳೀತಾ?"

"ಹೋದ ವರ್ಷನೂ ಇತ್ತು ಸರ್. ಬರೆದಿರಲಿಲ್ಲ."

"ಮೇಲ್ಗಡೆಯೋರು ನನ್ನ ಕೇಳ್ತಾರೆ. ಏನು ಹೇಳ್ಲಿ? ಸ್ವಲ್ಪ ಸ್ವಲ್ಪ ಆಗಿ ಹೆಚ್ಚಿಸ್ಕೊಂಡು ಹೋಗಿ. ಐದು ವರ್ಷದಲ್ಲಿ ಸರಿ ಹೋಗುತ್ತೆ."

"ಐದು ವರ್ಷ ಸುಳ್ಳು ಬರೀಬೇಕಾಗ್ತದ ಸರ್. ನೀವೇ ಒಮ್ಮೆ ಬಂದು ನೋಡ್ರಿ. ಇಲ್ಲ ಅಂದ್ರ ನನಗ ನೋಟಿಸ್ ಕೊಡ್ರಿ."

ನೋಟಿಸಿನ ಮಾತು ನಾನಾಗಿ ಯಾಕೆ ತೆಗೆದೆನೋ ಗೊತ್ತಿಲ್ಲ. ಮನೆಗೆ ಬಂದು ಅದನ್ನೇ ಯೋಚಿಸುತ್ತ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅವರು ನೋಟಿಸು ಕೊಡಲಿಲ್ಲ. ಜೀಪು ತೆಗೆದುಕೊಂಡು ಬಂದೇಬಿಟ್ಟರು.

ಮಣ್ಣೂರಿನ ದಂಡೆಯ ಮೇಲೆ ನಿಂತು ಅವರು ಕಬ್ಬನ್ನು ನೋಡಿದರು. ದಾರಿ ಪಕ್ಕಕ್ಕೆ ಮಾತ್ರ ಇರಬಹುದು, ಒಳಗೆ ಜೋಳವಿದ್ದರೂ ಇರಬಹುದು ಎಂದರು. ಆ ಅನುಮಾನ ತಪ್ಪಲ್ಲ, ನಮ್ಮ ಕೆಲಸದಲ್ಲಿ ಅನುಮಾನ ಬೇಕೇ ಬೇಕು. "ನಾನೇ ಒಳಗೆ ಹೋಗಿ ನೋಡ್ತೀನಿ" ಎಂದು ಪ್ಯಾಂಟು ಮಡಿಸಿಕೊಂಡು ಕಬ್ಬಿನೊಳಗೆ ನುಗ್ಗಿದರು. ಹಣಮಂತರಾಯರು ಬೇಡ ಬೇಡ ಎನ್ನುವುದರೊಳಗೆ ಮರೆಯಾದರು.

ಬೆಳೆದು ನಿಂತ ಕಬ್ಬಿನೊಳಗೆ ಹೋಗಿ ಗೊತ್ತಿಲ್ಲದವರಿಗೆ ಅದು ಏನೆಂದು ಹೇಳುವುದು ಕಷ್ಟ. ಎರಡಾಳೆತ್ತರದ ಹಸಿರು, ಗಾಳಿ ಇಲ್ಲ, ದಿಕ್ಕು ಇಲ್ಲ. ಎಲೆ ತಾಗಿದಲ್ಲೆಲ್ಲ ಚರ್ಮ ಕೊಯ್ಯುತ್ತದೆ. ಮೊದಲು ಸರಸರ ಸದ್ದು ಕೇಳಿಸಿತು. ಆಮೇಲೆ ಅದೂ ನಿಂತಿತು. ಬಹಳ ಹೊತ್ತಾದ ಮೇಲೆ ನಡುವಿನಿಂದ ಎಲ್ಲೋ ಒಂದು ದನಿ ಬಂತು.

"ಶಮೀಮ್! ಶಮೀಮ್! ನಾನು ಎಲ್ಲಿದ್ದೀನ್ರೀ?"

ನಾನು ಬಾಯಿ ತೆರೆಯುವ ಮೊದಲೇ ಹಣಮಂತರಾಯರು ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು. "ಸಾಹೇಬ್ರ, ಪಹಣಿ ಪ್ರಕಾರ ನೀವು ಜ್ವಾಳದಾಗ ಇದ್ದೀರಿ!"

ಕಬ್ಬಿನೊಳಗಿಂದ ನಗು ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ಕೆಮ್ಮು ಬರುವ ಹಾಗೆ ದೊಡ್ಡದಾಗಿ. ಆ ನಗುವಿನ ದಿಕ್ಕು ಹಿಡಿದೇ ಹಣಮಂತರಾಯರು ಒಳಗೆ ಹೋಗಿ ಅವರನ್ನು ಕೈಹಿಡಿದು ಕರೆತಂದರು. ಮುಖದ ಮೇಲೆ ಗೀರು, ತಲೆ ತುಂಬ ಕಬ್ಬಿನ ಒಣ ಎಲೆಯ ರವದಿ, ಒಂದು ಚಪ್ಪಲಿ ಕೆಸರಿನ ಪಾಲು. ಬದುವಿನ ಮೇಲೆ ಕೂತು, ಹಣಮಂತರಾಯರು ಮುರಿದುಕೊಟ್ಟ ಕಬ್ಬನ್ನು ಹಲ್ಲಿನಿಂದ ಸುಲಿಯುತ್ತ, "ಬರೀರಿ ಶಮೀಮ್, ಕಬ್ಬು ಅಂತಲೇ ಬರೀರಿ. ಮೇಲ್ಗಡೆಯೋರು ಕೇಳಿದ್ರೆ ಅವ್ರನ್ನೂ ಒಳಗೆ ಕಳಿಸೋಣ," ಎಂದರು.

ಅವರು ಸುಮ್ಮನೆ ನಕ್ಕು ಬಿಡಲಿಲ್ಲ. ಮಣ್ಣೂರಿನ ಅಂಕಿ ಯಾಕೆ ಜಿಗಿಯಿತು ಎಂದು ತಾವೇ ವಿವರವಾಗಿ ಮೇಲೆ ಬರೆದರು. ನದಿ ದಂಡೆಯ ಉಳಿದ ಊರುಗಳನ್ನೂ ಹೊಲಕ್ಕೆ ಹೋಗಿ ನೋಡಿಯೇ ಬರೆಯಬೇಕೆಂದು ಆದೇಶ ತರಿಸಿದರು. ಆ ಹಂಗಾಮು ಪೂರ್ತಿ ನಾನು, ಊರ ಲೆಕ್ಕ ಬರೆಯುವ ತಲಾಟಿಗಳು, ಕೃಷಿ ಇಲಾಖೆಯವರು ನದಿಯ ಬದಿಯಲ್ಲೇ ಸುತ್ತಿದೆವು. ನನ್ನ ನೌಕರಿಯಲ್ಲಿ ಅಷ್ಟು ಕಬ್ಬು ಇನ್ನೆಂದೂ ತಿಂದಿಲ್ಲ.

ಈ ನಡುವೆ ಕೆಲಸದ ರೀತಿ ಬದಲಾಗುತ್ತ ಬಂತು. ಹಾಳೆ ಹೋಗಿ ಫೋನು ಬಂತು. ಪ್ರತಿ ಹೊಲದ ಬೆಳೆಯನ್ನೂ ಫೋಟೋ ತೆಗೆದು ಏರಿಸುವ ಸಮೀಕ್ಷೆ ಬಂತು. ರೈತರೇ ತಮ್ಮ ಬೆಳೆಯ ಫೋಟೋ ಕಳಿಸಬಹುದು ಎಂದಾಯಿತು. ಆ ಹೊತ್ತಿಗೆ ನಾನು ವರ್ಗವಾಗಿ ಬಂದಿದ್ದ ಜೇವರ್ಗಿ ತಾಲೂಕಿನಲ್ಲಿ ಒಬ್ಬ ಅಜ್ಜ ಕಳಿಸಿದ ಫೋಟೋಗಳಲ್ಲೆಲ್ಲ ಅವರೇ ತುಂಬಿಕೊಂಡಿದ್ದರು. ಹತ್ತಿ ಹೊಲದಲ್ಲಿ ಮೀಸೆ ತಿರುವಿಕೊಂಡು ಒಂದು, ತೊಗರಿ ಹೊಲದಲ್ಲಿ ರುಮಾಲು ಸುತ್ತಿಕೊಂಡು ಇನ್ನೊಂದು. ಹಿಂದೆ ಹತ್ತಿಯೋ ತೊಗರಿಯೋ ಗುರುತೇ ಸಿಗದು.

"ಅಜ್ಜಾ, ಬೆಳಿ ಕಾಣವಲ್ದಲ್ಲ?"

"ಬೆಳದಾಂವ ನಾನು. ನಾ ಕಾಣಬಾರದೇನು?"

ಅವರ ಮಾತೂ ಖರೆಯೇ. ಅವರದೊಂದು ಫೋಟೋ ಬೇರೆಯಾಗಿ ತೆಗೆದು, ಕಾಗದದ ಮೇಲೆ ಅಚ್ಚು ಹಾಕಿಸಿ ಕೊಟ್ಟೆ. ಆಮೇಲೆ ಬೆಳೆಯ ಎದುರಿನಿಂದ ಪಕ್ಕಕ್ಕೆ ಸರಿದರು.

ಫೋನು ಬಂದದ್ದರಿಂದ ಕೆಲಸ ಹಗುರವಾಯಿತು ಎಂದು ನಾನು ಸಂತೋಷದಿಂದಲೇ ಹೇಳುತ್ತೇನೆ. ಚೌಕ ಎಲ್ಲಿ ಹಾಕಿದೆವು ಎಂಬುದಕ್ಕೆ ಫೋಟೋ, ಜಾಗದ ಗುರುತು, ಹೊತ್ತು ಎಲ್ಲ ಸಾಕ್ಷಿ ಉಳಿಯುತ್ತದೆ. ಅದರ ಬೆಲೆ ನನಗೆ ಗೊತ್ತಾದದ್ದು ಅದೇ ತಾಲೂಕಿನ ಅಂದೋಲಾದಲ್ಲಿ. ನನ್ನ ನೌಕರಿಯ ಕೊನೆಯ ಹಂಗಾಮು ಅದು.

ಆ ವರ್ಷ ಅಂದೋಲಾದ ತೊಗರಿಗೆ ನೆಟೆ ರೋಗ ಬಿದ್ದಿತ್ತು. ಹೂವು ಕಾಯಿ ಹೊತ್ತು ನಿಂತ ಗಿಡ ಬೇರಿನಿಂದಲೇ ಒಣಗಿ ನಿಲ್ಲುವ ರೋಗ. ನೀರು ನಿಲ್ಲುವ ತಗ್ಗಿನ ಹೊಲಗಳಲ್ಲಿ ಹೆಚ್ಚು, ಎತ್ತರದಲ್ಲಿ ಕಡಿಮೆ. ವಿಮೆ ಪರಿಹಾರ ಸಿಗಬೇಕಾದರೆ ಪಂಚಾಯಿತಿಯ ನಾಲ್ಕು ಚೌಕಗಳ ಸರಾಸರಿ ಗೊತ್ತು ಮಾಡಿದ ಮಟ್ಟಕ್ಕಿಂತ ಕಡಿಮೆ ಬರಬೇಕು. ಮೂರು ಚೌಕ ಕೊಯ್ದಾಗಿತ್ತು, ಮೂರರಲ್ಲೂ ಕಾಳು ಅಷ್ಟಕ್ಕಷ್ಟೆ. ನಾಲ್ಕನೆಯದು ಮಹಾದೇವಿ ಎಂಬ ರೈತ ಹೆಣ್ಣುಮಗಳ ಹೊಲದಲ್ಲಿ. ಅವರ ಹೊಲದ ಕೆಳಭಾಗ ಪೂರ್ತಿ ಒಣಗಿತ್ತು. ಮೇಲಿನ, ನೀರು ನಿಲ್ಲದ ಮೊರಂ ನೆಲದ ತುದಿಯಲ್ಲಿ ಮಾತ್ರ ಗಿಡ ಕಾಯಿಯ ಭಾರಕ್ಕೆ ಬಾಗಿತ್ತು. ಊರಿನ ಬಹಳ ಮಂದಿ ಬಂದು ಬದುವಿನ ಮೇಲೆ ನಿಂತಿದ್ದರು. ಫೋನು ಕೊಟ್ಟ ಸಂಖ್ಯೆಯಂತೆ ನಾನು ಹೆಜ್ಜೆ ಹಾಕಿದೆ. ಕಾಲು ನಿಂತದ್ದು ಮೇಲಿನ ತುದಿಯಲ್ಲಿ, ಹಚ್ಚಗಿನ ಗಿಡಗಳ ನಡುವೆ.

ಮಂದಿಯೊಳಗಿಂದ ಸಿದ್ದಣ್ಣ ಮುಂದೆ ಬಂದರು. ಊರಿನಲ್ಲಿ ನಾಲ್ಕು ಜನ ಕೇಳುವಂಥ ಮನುಷ್ಯ, ರೈತರ ಪರವಾಗಿ ತಾಲೂಕು ಕಚೇರಿಗೆ ಓಡಾಡುವವರು.

"ಬಾಯಾರ, ಇಲ್ಲಿ ಬ್ಯಾಡ. ಕೆಳಗ ಹಾಕ್ರಿ."

"ನಂಬರ್ ಇಲ್ಲಿಗೇ ಬಂದದ ಸಿದ್ದಣ್ಣಾರ."

"ಊರ ಹೊಲ ಎಲ್ಲಾ ಒಣಗ್ಯಾವ. ನೀವು ಹುಡುಕಿ ಹುಡುಕಿ ಹಸರ ಇದ್ದಲ್ಲೇ ಬಂದು ನಿಂತೀರಿ. ಈ ಒಂದು ಚೌಕದಿಂದ ವಿಮಾ ತಪ್ಪಿದ್ರ ಯಾರ ಜವಾಬ್ದಾರಿ?"

"ನಾ ಹುಡುಕಿಲ್ರಿ. ನನ್ನ ಕೈಯಾಗ ಇಲ್ಲ ಅದು."

"ಗೂಟ ನಿಮ್ಮ ಕೈಯಾಗೇ ಅದಲ್ಲ!" ಎಂದರು ಸಿದ್ದಣ್ಣ. ಯಾರೋ ಬಂದು ನಾನು ಹೊಡೆದ ಗೂಟ ಕಿತ್ತು ಹಿಡಿದರು. ಹಿಂದಿನಿಂದ ದನಿಗಳು ಏರಿದವು. ನಮ್ಮ ಜೀಪಿನ ಎದುರು ಎರಡು ಬಂಡಿ ಅಡ್ಡ ನಿಂತವು.

ನನಗೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಹಾಗೆಂದು ಹೆದರಿಕೆ ಇರಲಿಲ್ಲ ಎಂದರೆ ಸುಳ್ಳು. "ಸಿದ್ದಣ್ಣಾರ," ಎಂದೆ, "ಇವತ್ತು ನಿಮ್ಮ ಸಲುವಾಗಿ ನಾ ಕೆಳಗ ಸರಸ್ತೇನಿ ಅನ್ರಿ. ನಾಳಿ ಇನ್ನೊಬ್ಬರು ಬಂದು, ನಿಮ್ಮ ಹೊಲ ಒಣಗಿದ್ರೂ, ಹಸರ ಇದ್ದ ಕಡಿ ಸರಸು ಅಂತಾರ. ಆಗ ನಾ ಯಾವ ಬಾಯಿಲೆ ಇಲ್ಲ ಅನ್ನಲಿ?"

"ನಾಳಿ ಮಾತು ನಾಳಿಗಿ. ಇವತ್ತು ಮಂದಿ ಹೊಟ್ಟಿ ನೋಡ್ರಿ."

ಅಷ್ಟು ಹೊತ್ತು ಸುಮ್ಮನೆ ನಿಂತಿದ್ದ ಮಹಾದೇವಿ ಆಗ ಬಂದು ಗೂಟ ಕಿತ್ತವರ ಕೈಯಿಂದ ಅದನ್ನು ಇಸಿದುಕೊಂಡರು.

"ಹೊಲ ನಂದು. ಕೆಳಗ ಒಣಗಿದ್ದೂ ನಂದೇ, ಇಲ್ಲಿ ಹಸರ ಇದ್ದದ್ದೂ ನಂದೇ. ಎರಡೂ ಕಡಿ ನಾನೇ ಕಸ ತಗದೇನಿ, ನಾನೇ ಹುಳದ ಎಣ್ಣಿ ಹೊಡದೇನಿ. ಛಲೋ ಬೆಳದದ್ದನ್ನ ನಾ ಯಾಕ ಮುಚ್ಚಿಡಲಿ? ಬಾಯಾರ, ಕುಡಗೋಲು ಕೊಡ್ರಿ."

ಗೂಟವನ್ನು ಅದೇ ಕುಳಿಯಲ್ಲಿ ಊರಿ, ಹಗ್ಗ ಎಳೆದ ಮೇಲೆ ಮೊದಲ ಗಿಡವನ್ನು ಅವರೇ ಕೊಯ್ದರು. ಮಂದಿ ಗೊಣಗುತ್ತ ಚದುರಿದರು. ಸಿದ್ದಣ್ಣ ನನ್ನ ಕಡೆ ನೋಡದೆ ಹೋದರು. ಆ ದಿನ ಅಂದೋಲಾದಲ್ಲಿ ನನಗೆ ಯಾರೂ ಚಹಾ ಕುಡಿಯಿರಿ ಎನ್ನಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಹಾಗಾದದ್ದು ಅದೊಂದೇ ಸಲ. ಹಿಂದಿರುಗುವಾಗ ಜೀಪಿನಲ್ಲಿ, ಸರಾಸರಿ ಎಲ್ಲಿಗೆ ಹೋಗಿ ನಿಲ್ಲುತ್ತದೋ ಎಂದು ಮನಸ್ಸು ಲೆಕ್ಕ ಹಾಕುತ್ತಲೇ ಇತ್ತು.

ಕೊನೆಗೆ ಲೆಕ್ಕ ಬಂದಾಗ, ಆ ಒಂದು ಚೌಕ ಸೇರಿಸಿದರೂ ಸರಾಸರಿ ಕಡಿಮೆಯೇ ಇತ್ತು. ಉಳಿದ ಮೂರು ಅಷ್ಟು ಕೆಟ್ಟಿದ್ದವು. ನಾನು ನಿರಾಳವಾಗಿ ಉಸಿರುಬಿಡುವಷ್ಟರಲ್ಲೇ ವಿಮೆಯ ಕಡೆಯಿಂದ ಆಕ್ಷೇಪಣೆ ಬಂತು. ಅಂದೋಲಾದ ಇಳುವರಿ ಇಷ್ಟು ಕಡಿಮೆ ಹೇಗೆ? ಊರಿನವರು ಒತ್ತಡ ಹಾಕಿ ಒಣಗಿದ ಜಾಗದಲ್ಲೇ ಚೌಕ ಹಾಕಿಸಿರಬೇಕು, ಮರುಪರಿಶೀಲನೆ ಆಗಬೇಕು ಎಂದರು.

ಜೇವರ್ಗಿಯಲ್ಲಿ ಸಭೆ ನಡೆಯಿತು. ಒಂದು ಕಡೆ ವಿಮೆಯವರು, ಇನ್ನೊಂದು ಕಡೆ ರೈತರ ಪರವಾಗಿ ಸಿದ್ದಣ್ಣ ಮತ್ತು ಮಹಾದೇವಿ, ನಡುವೆ ನಾನು. ವಿಮೆಯಿಂದ ಬಂದವರೊಬ್ಬರು ಒಂದೊಂದೇ ಚೌಕದ ಫೋಟೋ ತೆರೆಯುತ್ತ ಹೋದರು. ಮೊದಲನೆಯದು ಒಣಗಿದ್ದು. "ಹೂಂ" ಎಂದರು. ಎರಡನೆಯದು ಒಣಗಿದ್ದು. ಮೂರನೆಯದೂ ಒಣಗಿದ್ದು. ಪಕ್ಕದವರ ಮುಖ ನೋಡಿ ಸಣ್ಣಗೆ ನಕ್ಕರು. ನಾಲ್ಕನೆಯದು ತೆರೆದರು. ಹಚ್ಚಗಿನ ಗಿಡ, ಕಾಯಿಯ ಭಾರಕ್ಕೆ ಬಾಗಿದ ಕೊಂಬೆ, ಮಧ್ಯದಲ್ಲಿ ಕುಡುಗೋಲು ಹಿಡಿದ ಮಹಾದೇವಿ. ವಿಮೆಯವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ಇದು ಅದೇ ಊರಿಂದಾ?"

"ಹೌದ್ರಿ," ಎಂದೆ.

"ಈ ಹೊಲದಲ್ಲಿ ಒಣಗಿದ ಜಾಗ ಇರಲಿಲ್ವಾ?"

"ಅರ್ಧ ಹೊಲ ಒಣಗಿತ್ರಿ," ಎಂದರು ಮಹಾದೇವಿ. "ನಂಬರ್ ಇಲ್ಲಿಗಿ ಬಂತು, ಇಲ್ಲೇ ಕೊಯ್ದೆವು."

ವಿಮೆಯವರು ಜಾಗದ ಗುರುತನ್ನೂ ಸಂಖ್ಯೆಗಳನ್ನೂ ತಾಳೆ ನೋಡಿದರು. ಅಷ್ಟಕ್ಕೆ ಸಮಾಧಾನವಾಗದೆ ಅಂದೋಲಾಕ್ಕೆ ಹೋಗಿ ನಾಲ್ಕೂ ಚೌಕಗಳ ಕೂಳೆ ನೋಡಿದರು. ಸಂಜೆ ವಾಪಸ್ ಬಂದು, "ಒತ್ತಡಕ್ಕೆ ಬಗ್ಗಿದ್ದರೆ ಇವರು ನಾಲ್ಕನೆಯದನ್ನು ಇಲ್ಲಿ ಕೊಯ್ಯುತ್ತಿರಲಿಲ್ಲ. ಉಳಿದ ಮೂರನ್ನೂ ನಂಬಬೇಕಾಗುತ್ತದೆ," ಎಂದು ಆಕ್ಷೇಪಣೆ ಹಿಂದಕ್ಕೆ ತೆಗೆದುಕೊಂಡರು. ಪರಿಹಾರ ಬಂತು.

ಕಚೇರಿಯ ಹೊರಗೆ ಸಿದ್ದಣ್ಣ ನನ್ನನ್ನು ತಡೆದು ನಿಲ್ಲಿಸಿದರು. ಏನೋ ಹೇಳಬೇಕೆಂದು ಬಂದವರು, ಸ್ವಲ್ಪ ಹೊತ್ತು ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡರು.

"ಬಾಯಾರ, ಯಾವ ಚೌಕ ಬ್ಯಾಡ ಅಂದೆವೋ ಅದೇ ಬಂದು ನಮ್ಮ ಗವಾ ಹೇಳ್ತಲ್ರಿ."

"ಹೌದ್ರಿ. ನನಗೂ ಅದು ಹಿಂಗ ಸಾಕ್ಷಿ ಹೇಳ್ತದ ಅಂತ ಗೊತ್ತಿರಲಿಲ್ಲ," ಎಂದೆ. ಖರೆಯೇ, ಗೊತ್ತಿರಲಿಲ್ಲ. ನಿಯಮ ಇತ್ತು ಎಂದು ಪಾಲಿಸಿದ್ದೆ, ಅಷ್ಟೆ.

"ಆವತ್ತು ಚಹಾ ಕೊಡಲಿಲ್ಲ ನಿಮಗ. ಬರ್ರಿ," ಎಂದು ಎದುರಿನ ಹೋಟೆಲಿಗೆ ಕರೆದೊಯ್ದರು. ಚಹಾ ಒಂದೇ ಅಲ್ಲ, ಮಿರ್ಚಿ ಭಜಿ, ಮಂಡಕ್ಕಿಯ ಸೂಸಲಾ ಎಲ್ಲ ಬಂತು. ಮಹಾದೇವಿ ನನ್ನ ತಟ್ಟೆಗೆ ಇನ್ನೊಂದು ಭಜಿ ಹಾಕುತ್ತ, "ಫೋಟೋದಾಗ ನಾ ಛಲೋ ಬಂದೇನಲ್ರಿ?" ಎಂದು ಕೇಳಿದರು.

ನಾನು ನಿವೃತ್ತಳಾದೆ. ಮುಂದಿನ ಹಂಗಾಮಿನಲ್ಲಿ ಒಂದು ದಿನ ಸಿದ್ದಣ್ಣ ಫೋನ್ ಮಾಡಿದರು.

"ಬಾಯಾರ, ಈ ಸಲ ನನ್ನ ಹೊಲಕ್ಕ ಚೌಕ ಬಂದದ. ತೊಗರಿ ಅಂದ್ರ ಹಂಗಿಂಗಲ್ಲ. ಬರ್ರಿ."

"ನಾ ರಿಟೈರ್ ಆಗೇನ್ರಿ. ಈಗ ಹೊಸ ಮೇಡಂ ಬರ್ತಾರ."

"ಹಂಗಂದ್ರ ಉಣ್ಣಾಕರ ಬರ್ರಿ."

ಹೋದೆ. ಬೆಳೆ ಅವರು ಹೇಳಿದ್ದಕ್ಕಿಂತ ಚೆನ್ನಾಗಿತ್ತು. ಬದುವಿನ ಮೇಲೆ ಕಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾದ ಹಿಂಡಿ ಕಾದಿದ್ದವು. ಮಹಾದೇವಿಯೂ ಬಂದಿದ್ದರು. ನನ್ನ ಜಾಗಕ್ಕೆ ಬಂದ ರೇಣುಕಾ ಎಂಬ ಹುಡುಗಿ, ಟೋಪಿ ಹಾಕಿಕೊಂಡು, ಫೋನು ನೋಡುತ್ತ ಹೆಜ್ಜೆ ಹಾಕುತ್ತಿದ್ದಳು. ನಾನು ಮಂದಿಯ ನಡುವೆ ನಿಂತು ನೋಡುತ್ತಿದ್ದೆ. ಇಷ್ಟು ವರ್ಷದಲ್ಲಿ ಆ ಜಾಗದಲ್ಲಿ ನಿಂತು ನೋಡಿದ್ದು ಅದೇ ಮೊದಲು.

ರೇಣುಕಾಳ ಕಾಲು ನಿಂತದ್ದು ಹೊಲದ ಒಂದು ಸಪ್ಪೆ ಮೂಲೆಯಲ್ಲಿ. ಗಿಡ ಕುಳ್ಳಗಿದ್ದವು. ಇಡೀ ಹೊಲ ಬಂಗಾರದ ಹಾಗೆ ನಿಂತಿರುವಾಗ ಹುಡುಕಿ ಹುಡುಕಿ ಅಲ್ಲೇ ಗೂಟ ಹೊಡೆದು ಹಗ್ಗ ಎಳೆಯುತ್ತಿದ್ದಾಳಲ್ಲ! ನನಗೆ ತಡೆಯಲಾಗಲಿಲ್ಲ. ಯಾವಾಗ ಮಂದಿಯಿಂದ ಮುಂದೆ ಬಂದೆನೋ, ಯಾವಾಗ ಹಗ್ಗ ದಾಟಿದೆನೋ ಗೊತ್ತಿಲ್ಲ. ಕೈ ಚಾಚಿ ನಿಂತಿದ್ದೆ.

"ರೇಣುಕಾ, ಅಲ್ಲಿ ಆ ಬದುವಿನ ಕಡಿ ನೋಡವ್ವಾ, ಕಾಯಿ ಹ್ಯಾಂಗ ಹಿಡದಾವ!"

ರೇಣುಕಾ ತಲೆ ಎತ್ತಿ ನನ್ನನ್ನು ನೋಡಿದಳು. ಬಹಳ ಗೌರವದಿಂದ, ಆದರೆ ಗಟ್ಟಿಯಾಗಿ ಹೇಳಿದಳು.

"ಮೇಡಂ, ದಯಮಾಡಿ ಹಗ್ಗದಿಂದ ಹೊರಗ ನಿಂದರ್ರಿ."

ಬದುವಿನ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ದೊಡ್ಡ ನಗು ಸಿದ್ದಣ್ಣನವರದು. ನಾನು ಸೆರಗು ಬಿಗಿ ಮಾಡಿಕೊಂಡು, ಹಗ್ಗ ದಾಟಿ, ಹೊರಗೆ ಬಂದು ನಿಂತೆ. ನನಗೂ ನಗು ತಡೆಯಲಾಗಲಿಲ್ಲ.